ಮೂರನೇ ತಿರುವಿನ ಹೊಗೆ

ನಿಮಗೆ ಹೊಗೆಯಣ್ಣ ಅನ್ನೋ ಹೆಸರು ಹೇಗೆ ಬಂತು ಎಂದು ಯಾರಾದರೂ ಕೇಳಿದರೆ ಸಾಕು, ಆ ಮನುಷ್ಯ ಮೀಸೆ ತೀಡಿಕೊಂಡು "ಬೀದಿಯವರು ಪ್ರೀತಿಯಿಂದ ಕೊಟ್ಟಿದ್ದು" ಎನ್ನುತ್ತಿದ್ದ. ಬೀದಿಯವರನ್ನೇ ಕೇಳುವ ಗೋಜಿಗೆ ಯಾರೂ ಹೋಗಲಿಲ್ಲ. ಹೋಗಿದ್ದರೆ ಈ ಕಥೆ ಹುಟ್ಟುತ್ತಲೇ ಇರಲಿಲ್ಲ ಬಿಡಿ.

ಹೊಗೆಯಣ್ಣ ಲಾರಿ ಡ್ರೈವರ್. ಬೆಟ್ಟದಾಚೆಯ ಕ್ವಾರಿಯಿಂದ ಜಲ್ಲಿ ತುಂಬಿಕೊಂಡು ಹೋಗಿ ಪೇಟೆಯ ಕಾಂಕ್ರೀಟ್ ಯಾರ್ಡಿನಲ್ಲಿ ಸುರಿಯುವುದು, ಮತ್ತೆ ಬಂದು ತುಂಬಿಕೊಳ್ಳುವುದು, ಇದೇ ಕೆಲಸ. ಸಂಜೆಯಾದರೆ ಕ್ವಾರಿಯಲ್ಲಿ ಲೆಕ್ಕ ಒಪ್ಪಿಸಿ ಖಾಲಿ ಲಾರಿ ಮನೆಯ ಕಡೆ. ಮನೆ ಬೆಟ್ಟದ ಈಚೆ ಬುಡದಲ್ಲಿ. ಬೆಟ್ಟ ಹತ್ತುವ ರಸ್ತೆಗೆ ಮೂರು ತಿರುವು, ಮೂರನೆಯದು ಬೆಟ್ಟದ ನೆತ್ತಿಯಲ್ಲಿ, ಅವನ ಮನೆಯ ಅಡುಗೆಮನೆ ಕಿಟಕಿಗೆ ನೇರ ಎದುರು. ಅಲ್ಲಿಗೆ ಬಂದ ಕೂಡಲೇ ಅವನು ಗೇರ್ ಇಳಿಸಿ ಆಕ್ಸಿಲರೇಟರ್ ಮೇಲೆ ಮೈಭಾರವನ್ನೆಲ್ಲ ಹಾಕುತ್ತಿದ್ದ. ಅವನ ಹಳೇ ಲಾರಿ, ಅದಕ್ಕೆ ಅವನಿಟ್ಟ ಹೆಸರು ಅಜ್ಜಿ, ಒಮ್ಮೆ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಕರ್ರಗಿನ ಹೊಗೆಯನ್ನು ಭುಸ್ಸೆಂದು ಮೇಲಕ್ಕೆ ಉಗುಳುತ್ತಿತ್ತು. ಆಗ ಕೆಳಗೆ ಕಿಟಕಿಯಲ್ಲಿ ಹೆಂಡತಿಯ ತಲೆ ಕಾಣಿಸುತ್ತಿತ್ತು. ಒಂದೇ ಕ್ಷಣ, ಅಷ್ಟರಲ್ಲಿ ತಿರುವು ಮುಗಿದು ಎಲ್ಲ ಮರೆ. ಸೇತುವೆ ಸುತ್ತಿ ಇಳಿದು ಮನೆ ಸೇರಲು ಇಪ್ಪತ್ತು ನಿಮಿಷ. ಅಷ್ಟರಲ್ಲಿ ಸ್ನಾನಕ್ಕೆ ನೀರು ಕಾದಿರುತ್ತಿತ್ತು, ತಟ್ಟೆಯಲ್ಲಿ ಹಬೆಯಾಡುವ ಊಟ. ಇಪ್ಪತ್ತಾರು ವರ್ಷ ಹೀಗೇ ನಡೆಯಿತು.

ಫೋನ್ ಇರಲಿಲ್ಲವೇ ಎಂದು ಕೇಳಬೇಡಿ. ಇತ್ತು, ಇಬ್ಬರ ಹತ್ತಿರವೂ ಇತ್ತು. ಆದರೆ ಹೆಂಡತಿಗೆ ಫೋನ್ ಮಾಡಿ "ಬರ್ತಿದ್ದೀನಿ ಕಣೇ" ಎಂದು ಹೇಳುವುದೆಂದರೆ ಹೊಗೆಯಣ್ಣನಿಗೆ ಕಿವಿಯೆಲ್ಲ ಕೆಂಪಾಗುತ್ತಿತ್ತು. ಐವತ್ತೆರಡು ವರ್ಷದ ಗಂಡಸು, ಮೂವತ್ತು ಟನ್ ಎಳೆಯುವವನು, ಅಂಥದ್ದೆಲ್ಲ ಬಾಯಿಬಿಟ್ಟು ಹೇಳುತ್ತಾನೆಯೇ? ಹೊಗೆ ಹೇಳುತ್ತಿತ್ತು. ಅವಳು ಕಿಟಕಿಗೆ ಬರುತ್ತಿದ್ದಳು. ಅದಕ್ಕಿಂತ ಹೆಚ್ಚಿನ ಮಾತುಕತೆ ಯಾವ ಗಂಡ ಹೆಂಡತಿಗೂ ಬೇಕಿಲ್ಲ ಎಂಬುದು ಅವನ ಖಚಿತ ಅಭಿಪ್ರಾಯ.

ನಾಲ್ಕು ತಿಂಗಳ ಹಿಂದೆ ಹೊಸ ನಿಯಮ ಬಂತು. ಹೊಗೆ ಕಾರುವ ಲಾರಿಗಳು ಇನ್ನು ಪೇಟೆಯೊಳಗೆ ಕಾಲಿಡುವಂತಿಲ್ಲ. ಐದು ಲಾರಿಗಳ ಒಡತಿಯಾದ ಯಜಮಾನಿ ಮಾತಾಡುವುದು ಕಡಿಮೆ, ಕನ್ನಡಕದ ಮೇಲಿಂದ ನೋಡುವುದು ಜಾಸ್ತಿ. ಆಕೆ ಅಜ್ಜಿಯನ್ನು ಕ್ವಾರಿಯೊಳಗಿನ ಓಡಾಟಕ್ಕೆ ಬಿಟ್ಟು, ಹೊಚ್ಚ ಹೊಸ ಲಾರಿಯ ಕೀಲಿಯನ್ನು ಹೊಗೆಯಣ್ಣನ ಕೈಗೆ ಹಾಕಿದಳು. ಬೇರೆಯವನಾಗಿದ್ದರೆ ಕುಣಿದಾಡುತ್ತಿದ್ದ. ಇವನು ಮೂಗು ಮುರಿದ. ಹೊಸ ಲಾರಿಗೆ 'ಸೊಸೆ' ಎಂದು ಹೆಸರಿಟ್ಟ.

"ಇದಕ್ಕೆ ಡೀಸೆಲ್ ಸಾಲದಂತೆ, ಕುಡಿಯೋಕೆ ಬೇರೆ ನೀಲಿ ಮುಚ್ಚಳದ ಟ್ಯಾಂಕು. ನಡುನಡುವೆ ತನ್ನನ್ನ ತಾನೇ ತೊಳ್ಕೊಬೇಕಂತೆ, ಅದಕ್ಕೆ ನಲವತ್ತು ನಿಮಿಷ! ಅಷ್ಟು ಹೊತ್ತು ನಾನು ಬಾಗಿಲು ಕಾಯ್ಬೇಕು" ಎಂದು ಮನೆಯಲ್ಲಿ ಗೊಣಗಿದ.

"ನಾನೂ ಈ ಮನೆಗೆ ಸೊಸೆಯಾಗೇ ಬಂದವಳು. ನೋಡ್ಕೊಂಡು ಮಾತಾಡಿ" ಎಂದಳು ಹೆಂಡತಿ.

ಹೆಂಡತಿಯ ತಮ್ಮ ಮೆಕ್ಯಾನಿಕ್. ಸ್ವಂತ ಶೆಡ್ಡು, ಸ್ವಂತ ಗ್ಯಾಸ್ ಕಟರ್, ಕೇಳದಿದ್ದರೂ ಸಲಹೆ. ಅವನು ಲಾರಿಯ ಕೆಳಗೆ ತೂರಿ ಭಾವನಿಗೆ ಪಾಠ ಮಾಡಿದ. "ಇಲ್ಲಿ ನೋಡಿ ಭಾವ, ಈ ಡಬ್ಬಿ ಇದೆಯಲ್ಲ, ಒಳಗೆ ಜೇನುಗೂಡಿನ ಹಾಗೆ ಸಣ್ಣ ಸಣ್ಣ ತೂತು. ಮಸಿ ಎಲ್ಲ ಇದ್ರಲ್ಲೇ ನಿಲ್ಲುತ್ತೆ. ಇನ್ನು ಕಣ್ಣಿಗೆ ಕಾಣದ ಕೆಟ್ಟ ಗಾಳಿ ಒಂದಿದೆ, ಅದರ ಮೇಲೆ ಆ ನೀಲಿ ಟ್ಯಾಂಕಿನ ಯೂರಿಯಾ ನೀರು ಸಿಂಪಡಿಸುತ್ತೆ, ಆಗ ಅದರ ವಿಷ ಇಳಿಯುತ್ತೆ. ಡಬ್ಬಿ ತುಂಬ್ತಾ ಬಂದಾಗ ದೀಪ ಹತ್ತುತ್ತೆ, ಗಾಡಿ ತಾನೇ ಬಿಸಿ ಏರಿಸ್ಕೊಂಡು ಮಸೀನ ಸುಟ್ಟು ಬೂದಿ ಮಾಡುತ್ತೆ. ಆಗ ಇಂಜಿನ್ ಆರಿಸಬಾರದು, ಅಷ್ಟೇ."

ಹೊಗೆಯಣ್ಣ ಮೊದಲ ನಾಲ್ಕು ಮಾತು ಕೇಳಿಸಿಕೊಂಡ. ಐದನೆಯದು ಕಿವಿಗೆ ಬೀಳುವಷ್ಟರಲ್ಲಿ ಅವನ ಮನಸ್ಸು ಅಜ್ಜಿಯ ಹತ್ತಿರ ಹೋಗಿತ್ತು.

ನೀಲಿ ಟ್ಯಾಂಕಿನ ವಿಷಯದಲ್ಲಿ ಅವನು ಮೊದಲ ತಿಂಗಳೇ ಬುದ್ಧಿವಂತಿಕೆ ತೋರಿಸಿದ. ಒಂದು ದಿನ ದಾರಿಯಲ್ಲಿ ಅದು ಖಾಲಿಯಾಗುತ್ತಾ ಬಂದಾಗ, ಹೆಸರೇ ಯೂರಿಯಾ ನೀರು, ನೀರು ತಾನೇ ಎಂದುಕೊಂಡು ತನ್ನ ಕುಡಿಯುವ ನೀರಿನ ಕ್ಯಾನನ್ನು ಅದಕ್ಕೆ ಬಗ್ಗಿಸಿದ. ಸೊಸೆಗೆ ಒಂದೇ ಗುಟುಕಿಗೆ ಗೊತ್ತಾಯಿತು. ಕೆಂಪು ದೀಪ ಹಚ್ಚಿ ಪಿಂಯ್ ಪಿಂಯ್ ಎಂದು ಅತ್ತಿತು. ಇವನು ಲಕ್ಷ್ಯಕ್ಕೆ ತೆಗೆದುಕೊಳ್ಳದೆ ಓಡಿಸಿದ. ಮಾರನೇ ದಿನ ಗಂಟೆಗೆ ಇಪ್ಪತ್ತು ಕಿಲೋಮೀಟರಿಗಿಂತ ಒಂದು ಕೂದಲೆಳೆಯಷ್ಟೂ ಜಾಸ್ತಿ ಹೋಗುವುದಿಲ್ಲ ಎಂದು ಅದು ಹಟ ಹಿಡಿಯಿತು. ಹಾಲಿನ ಕ್ಯಾನು ಕಟ್ಟಿಕೊಂಡ ಒಬ್ಬ ಮುದುಕ ಸೈಕಲ್ಲಿನಲ್ಲಿ ಪಕ್ಕಕ್ಕೆ ಬಂದು, "ಏನಪ್ಪಾ, ಮಂಡಿ ನೋವಾ?" ಎಂದು ವಿಚಾರಿಸಿ ಮುಂದೆ ಹೋದ. ಹೊಗೆಯಣ್ಣನಿಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಟ್ಯಾಂಕು ತೊಳೆಸಿದ ಮೇಲೆ ಯಜಮಾನಿ ಕನ್ನಡಕದ ಮೇಲಿಂದ ನೋಡಿ, "ಇನ್ನೊಂದು ಸಲ ಗಾಡಿ ರಸ್ತೇಲಿ ನಿಂತ್ರೆ ನೀವು ಇಳಿದುಬಿಡಿ. ಗೇಟಲ್ಲಿ ಕೂತು ಬರೋ ಹೋಗೋ ಲಾರಿ ನಂಬರ್ ಬರೀರಿ" ಎಂದಳು.

ಅಲ್ಲಿಂದ ಮುಂದೆ ಅವನು ನೀಲಿ ಟ್ಯಾಂಕಿಗೆ ಕೈ ಹಚ್ಚಲಿಲ್ಲ. ಹಾಗಿದ್ದೂ ಸೊಸೆ ದಿನದಿಂದ ದಿನಕ್ಕೆ ಸೊರಗುತ್ತಾ ಹೋಯಿತು. ಮೊದಮೊದಲು ಗೂಳಿಯ ಹಾಗೆ ಏರು ಹತ್ತುತ್ತಿದ್ದುದು ಈಗ ಎರಡನೇ ತಿರುವಿನಲ್ಲೇ ಏದುಸಿರು ಬಿಡತೊಡಗಿತು. ಕಾರಣ ಏನೆಂದು ಊಹಿಸಿ ನೋಡೋಣ? ಹೊಗೆಯಣ್ಣನಿಗೆ ಒಂದು ಅಭ್ಯಾಸವಿತ್ತು, ಅಭ್ಯಾಸವೇನು, ಕೀರ್ತಿಯೇ ಎನ್ನಿ. ಗಾಡಿ ಎರಡು ನಿಮಿಷ ನಿಂತರೂ ಇಂಜಿನ್ ಆರಿಸುವುದು. ಕ್ವಾರಿಯ ಸಾಲಿನಲ್ಲಿ ಆರಿಸುತ್ತಿದ್ದ, ರೈಲ್ವೆ ಗೇಟಿನಲ್ಲಿ ಆರಿಸುತ್ತಿದ್ದ, ಯಾರ್ಡಿನಲ್ಲಿ ಆರಿಸುತ್ತಿದ್ದ. ಡೀಸೆಲ್ ಉಳಿಸಿದ್ದಕ್ಕೆ ಯಜಮಾನಿಯ ಅಪ್ಪ, ಹಿಂದಿನ ಯಜಮಾನರು, ಅವನಿಗೆ ಒಂದು ಉಕ್ಕಿನ ಫ್ಲಾಸ್ಕ್ ಬಹುಮಾನ ಕೊಟ್ಟಿದ್ದರು. ಅದು ಇಂದಿಗೂ ಡ್ಯಾಶ್‌ಬೋರ್ಡಿನ ಮೇಲೆ ಮೆರೆಯುತ್ತದೆ. ಸೊಸೆ ಪಾಪ ಮಸಿ ಸುಡಬೇಕೆಂದು ಬಿಸಿ ಏರಿಸಿಕೊಂಡು ಕೂತಾಗೆಲ್ಲ ಇವನು, "ನಿನಗ್ಯಾರು ಹೇಳಿದ್ದು ಕೂಗಾಡು ಅಂತ?" ಎಂದು ಪಟ್ಟನೆ ಕೀಲಿ ತಿರುಗಿಸಿಬಿಡುತ್ತಿದ್ದ. ಸಂಜೆಯಂತೂ ಕೇಳಲೇಬೇಡಿ. ಮನೆಯಲ್ಲಿ ಊಟ ಕಾದಿರುವಾಗ ಲಾರಿ ಮುಖ ತೊಳೆಯುವುದನ್ನು ನೋಡುತ್ತಾ ನಿಲ್ಲುವ ಗಂಡಸು ಎಲ್ಲಿದ್ದಾನೆ?

ಊಟ ಕಾದಿರುವಾಗ ಎಂದೆನಲ್ಲ, ನೋವಿದ್ದದ್ದು ಅಲ್ಲೇ. ಸೊಸೆ ಬಂದ ಮೇಲೆ ಮೂರನೇ ತಿರುವಿನಲ್ಲಿ ಹೊಗೆ ಇಲ್ಲ. ಅವನು ಮೊದಲ ದಿನ ಗೇರ್ ಇಳಿಸಿ, ಮೈಭಾರ ಹಾಕಿ ಒತ್ತಿ ನೋಡಿದ್ದ. ಕೊಳವೆಯ ಬಾಯಲ್ಲಿ ಒಂದಿಷ್ಟು ಬಿಸಿ ಗಾಳಿ ನಡುಗಿತು, ಅಷ್ಟೇ. ಕಿಟಕಿ ಖಾಲಿ. ಮನೆಗೆ ಹೋದರೆ ಊಟ ತಣ್ಣಗೆ. ಎರಡನೇ ದಿನವೂ ತಣ್ಣಗೆ. ಆರು ಗಂಟೆಗೆ ಮನೆ ಸೇರುತ್ತಿದ್ದವನು ಸೊಸೆ ಸೊರಗಿದಂತೆಲ್ಲ ಆರೂವರೆ, ಏಳು, ಏಳೂಕಾಲು ಮಾಡತೊಡಗಿದ. ಊಟ ಇನ್ನಷ್ಟು ತಣ್ಣಗಾಯಿತು. ಬಿಸಿ ಮಾಡಿಕೊಡುತ್ತೇನೆ ಎಂದು ಅವಳು ಎದ್ದರೆ "ಬೇಡ ಬಿಡು" ಎಂದು ಮುಖ ಊದಿಸಿಕೊಂಡು ಹಾಗೇ ತಿನ್ನುತ್ತಿದ್ದ. ಅವಳೂ ಮುಖ ಊದಿಸಿಕೊಳ್ಳುತ್ತಿದ್ದಳು. ಹೊಗೆ ಕಾಣದಿದ್ದರೆ ಗಂಡ ಅನ್ನುವವನೊಬ್ಬ ಇದ್ದಾನೆ ಎಂಬುದೇ ಇವಳಿಗೆ ನೆನಪಾಗುವುದಿಲ್ಲ ಎಂದು ಅವನಿಗೆ ಒಳಗೊಳಗೇ ಸಂಕಟ. ಅದನ್ನು ಬಾಯಿಬಿಟ್ಟು ಕೇಳಲು ಧೈರ್ಯವಿಲ್ಲ. ಹೌದು ಅಂದುಬಿಟ್ಟರೆ ಏನು ಗತಿ?

ಆದ್ದರಿಂದ ಅವನು ಬಾಮೈದನ ಶೆಡ್ಡಿಗೆ ಹೋದ. "ಆ ಡಬ್ಬಿ ಕಿತ್ತುಹಾಕು" ಎಂದ.

ಬಾಮೈದ ಹಿಂದೆ ಮುಂದೆ ನೋಡಿದ. "ಒಳಗಿನ ಜೇನುಗೂಡು ಕೊರೆದು ತೆಗೆದು, ಖಾಲಿ ಡಬ್ಬಿ ವೆಲ್ಡ್ ಮಾಡ್ತೀನಿ, ಹೊರಗೆ ಗೊತ್ತಾಗಲ್ಲ. ಕಂಪ್ಯೂಟರಿಗೂ ಒಂದು ಸುಳ್ಳು ಕಲಿಸ್ತೀನಿ. ಆದ್ರೆ ಭಾವ, ತಪಾಸಣೇಲಿ ಸಿಕ್ಕಿಬಿದ್ರೆ ಯಜಮಾನಿ ಪರ್ಮಿಟ್ ಹೋಗುತ್ತೆ, ನಿಮ್ಮ ಕೆಲಸ ಹೋಗುತ್ತೆ, ನನ್ನ ಶೆಡ್ಡಿಗೆ ಬೀಗ ಬೀಳುತ್ತೆ. ಅಷ್ಟಕ್ಕೂ ಯಾಕೆ?"

"ಪವರ್ ಇಲ್ಲ" ಎಂದ ಹೊಗೆಯಣ್ಣ. ಹೆಂಡತಿ ಕಿಟಕಿಗೆ ಬರುತ್ತಿಲ್ಲ ಎಂದು ಅವಳ ತಮ್ಮನಿಗೆ ಹೇಳುವುದು ಹೇಗೆ? "ಭಾನುವಾರ ಬಾ. ಕಟರ್ ತಗೊಂಡು ಬಾ."

ಆದರೆ ಸೊಸೆ ಭಾನುವಾರದ ತನಕ ಕಾಯಲಿಲ್ಲ. ಶನಿವಾರ ಬೆಳಿಗ್ಗೆ ಜಲ್ಲಿ ತುಂಬಿಕೊಂಡು ಪೇಟೆಯ ನಟ್ಟನಡುವಿನ ಚೌಕದಲ್ಲಿ, ಇದ್ದಬದ್ದ ದೀಪಗಳನ್ನೆಲ್ಲ ಹಚ್ಚಿಕೊಂಡು ನಿಂತೇಬಿಟ್ಟಿತು. ಹಿಂದೆ ಹಾರನ್ನುಗಳ ಮೇಳ. ಕೊನೆಗೆ ಸರ್ವಿಸ್ ಸೆಂಟರಿನವರು ಬಂದು ಎಳೆದುಕೊಂಡು ಹೋದರು. ಮಧ್ಯಾಹ್ನ ಯಜಮಾನಿ ಅವನನ್ನು ಆಫೀಸಿಗೆ ಕರೆದು ಒಂದು ಕಾಗದ ಮುಂದೆ ತಳ್ಳಿದಳು.

"ಗಾಡಿಯ ಕಂಪ್ಯೂಟರ್ ಕೊಟ್ಟ ಪಟ್ಟಿ. ನಾಲ್ಕು ತಿಂಗಳಲ್ಲಿ ನಲವತ್ತೊಂದು ಸಲ ಅದು ಮಸಿ ಸುಡೋಕೆ ಶುರು ಮಾಡಿದೆ. ನಲವತ್ತೊಂದು ಸಲವೂ ಡ್ರೈವರ್ ಇಂಜಿನ್ ಆರಿಸಿದ್ದಾರೆ. ದಿನ, ಗಂಟೆ, ನಿಮಿಷ ಎಲ್ಲಾ ಇದೆ."

ಹೊಗೆಯಣ್ಣ ಪಟ್ಟಿ ನೋಡಿದ. ಅವನ ಮೈಯೆಲ್ಲ ಉರಿದುಹೋಯಿತು. ಅಜ್ಜಿ ಇಪ್ಪತ್ತಾರು ವರ್ಷದಲ್ಲಿ ಅವನ ಮೇಲೆ ಒಂದು ಮಾತು ಯಾರ ಹತ್ತಿರವೂ ಚಾಡಿ ಹೇಳಿರಲಿಲ್ಲ!

"ಡೀಸೆಲ್ ಉಳಿಸೋಕೆ ಆರಿಸಿದೆ ಅಮ್ಮ" ಎಂದ, ಇಷ್ಟು ಸಣ್ಣ ದನಿಯಲ್ಲಿ.

"ಉಸಿರು ಉಳಿಸೋಕೆ ಮೂಗು ಮುಚ್ಕೊಂಡ ಹಾಗಾಯ್ತು" ಎಂದಳು ಯಜಮಾನಿ. "ಸರ್ವಿಸ್ನೋರು ಮಸಿ ಸುಟ್ಟು ಸರಿ ಮಾಡಿ ಸೋಮವಾರ ಬೆಳಿಗ್ಗೆ ಕೊಡ್ತಾರೆ. ಅಲ್ಲಿಂದ ಒಂದು ವಾರ ನೋಡ್ತೀನಿ. ಒಂದೇ ಒಂದು ಸಲ ಮಧ್ಯದಲ್ಲಿ ಆರಿಸಿದ್ರೂ ನೀವು ಗೇಟಿಗೆ. ಈಗ ಹೋಗಿ, ಇವತ್ತು ಮಿಕ್ಕಿದ ಹೊತ್ತು ಕ್ವಾರೀಲಿ ಹಳೇ ಲಾರಿ ಓಡಿಸಿ."

ಬೈಗುಳ ತಿಂದವನ ಮುಖ ಹಳೇ ಲಾರಿ ಎಂಬ ಮಾತಿಗೆ ಅರಳಿಬಿಟ್ಟಿತು. ಸಂಜೆ ಅಜ್ಜಿಯನ್ನು ಕ್ವಾರಿಯೊಳಗೆ ಬಿಟ್ಟು ಬಸ್ಸು ಹಿಡಿಯಬೇಕಾಗಿತ್ತು. ಅವನು ಹಿಡಿದರೆ ತಾನೇ? ಮನೆ ಪೇಟೆಯೊಳಗಿಲ್ಲ, ಬೆಟ್ಟದ ಬುಡದಲ್ಲಿದೆ, ನಿಯಮಕ್ಕೆ ಧಕ್ಕೆಯಿಲ್ಲ ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡು ಅಜ್ಜಿಯನ್ನೇ ಏರಿದ. ಒಂದನೇ ತಿರುವು, ಎರಡನೇ ತಿರುವು. ಮೂರನೆಯದೂ ಬಂತು. ನಾಲ್ಕು ತಿಂಗಳ ಬಾಕಿಯನ್ನೆಲ್ಲ ಸೇರಿಸಿ, ಗೇರ್ ಇಳಿಸಿ, ಸೀಟಿನಿಂದ ಅರ್ಧ ಎದ್ದು ನಿಂತು ಒತ್ತಿದ.

ಅಬ್ಬಬ್ಬಾ! ಅಂಥ ಹೊಗೆಯನ್ನು ಅಜ್ಜಿ ಪ್ರಾಯದಲ್ಲೂ ಬಿಟ್ಟಿರಲಿಲ್ಲ. ಅರ್ಧ ಬೆಟ್ಟ ಮುಚ್ಚಿಹೋಯಿತು. ಇವತ್ತು ಮಾತ್ರ ಕಣ್ತುಂಬ ನೋಡಿಯೇ ಹೋಗಬೇಕೆಂದು ಅವನು ಲಾರಿ ನಿಲ್ಲಿಸಿ, ಇಂಜಿನ್ ಆರಿಸಿ, ಬಾಗಿಲು ತೆರೆದು ಮೆಟ್ಟಿಲ ಮೇಲೆ ನಿಂತ.

ಹೆಂಡತಿ ಕಿಟಕಿಗೆ ಬಂದಳು. ಬರೀ ಬರಲಿಲ್ಲ, ಕಿಟಕಿಯಿಂದ ಮಾಯವಾಗಿ ಅಂಗಳಕ್ಕೆ ಓಡಿದಳು! ಹೊಗೆಯಣ್ಣನ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಪಕ್ಕದ ಮನೆಯಿಂದ ಇಸ್ತ್ರಿ ಅಂಗಡಿಯಾಕೆ ಓಡಿ ಬಂದಳು. ಅದರಾಚೆಯ ಮನೆಯಿಂದ ಇಬ್ಬರು. ಎದುರು ಮನೆಯ ಮುದುಕಿ ಕೋಲು ಬಿಸಾಕಿ ಓಡಿದಳು. ಇಡೀ ಬೀದಿಯೇ ಅಂಗಳಕ್ಕೆ ಬಿದ್ದು, ತಂತಿಗಳ ಮೇಲಿದ್ದ ಬಟ್ಟೆಗಳನ್ನು ಎರಡೂ ಕೈಯಲ್ಲಿ ಬಾಚಿಕೊಂಡು ಒಳಗೆ ನುಗ್ಗುತ್ತಿತ್ತು. ಗಾಳಿ ಬೀಸುತ್ತಿದ್ದದ್ದು ಬೆಟ್ಟದಿಂದ ಬೀದಿಯ ಕಡೆಗೆ. ಮಸಿ ನಿಧಾನವಾಗಿ, ಆತುರವೇ ಇಲ್ಲದೆ, ಬೀದಿಯ ಮೇಲೆ ಇಳಿಯಿತು.

ಮನೆ ಮುಂದೆ ಅವನು ಇಳಿಯುವ ಮೊದಲೇ ಇಸ್ತ್ರಿಯಾಕೆ ಲಾರಿಯ ಬಾಗಿಲಿಗೆ ಬಂದಿದ್ದಳು. ಕೈಯಲ್ಲಿ ಬಿಳೀ ಕೋಟು. ಬಿಳೀ ಎಂದರೆ ಬೆಳಿಗ್ಗೆ ಬಿಳೀ ಇದ್ದದ್ದು.

"ಆಸ್ಪತ್ರೆ ಡಾಕ್ಟರುಗಳದ್ದು, ಇಪ್ಪತ್ತೆಂಟು ಕೋಟು! ನಾಲ್ಕು ತಿಂಗಳಿಂದ ನಿಮ್ಮ ಕಾಟ ತಪ್ಪಿತು ಅಂತ ಧೈರ್ಯವಾಗಿ ಒಣಹಾಕಿದ್ದೆ. ಇಪ್ಪತ್ತಾರು ವರ್ಷದಿಂದ ಈ ಬೀದಿ ಹೆಂಗಸರು ಐದೂವರೆ ಆಯ್ತು ಅಂದ್ರೆ ಬೆಟ್ಟ ನೋಡ್ಕೊಂಡು ನಿಲ್ತಿದ್ವಿ. ಹೊಗೆಯಣ್ಣ ಬಂದ, ಬಟ್ಟೆ ತೆಗೀರಿ ಅಂತ! ಮೊದಲು ಓಡ್ತಿದ್ದವಳೇ ನಿಮ್ಮ ಹೆಂಡ್ತಿ!"

ಹೊಗೆಯಣ್ಣನ ಮುಖದ ನೀರಿಳಿದುಹೋಯಿತು. ಹೆಸರು ಪ್ರೀತಿಯಿಂದ ಕೊಟ್ಟದ್ದಲ್ಲ, ಹೋಗಲಿ. ಬೀದಿ ಏನಾದರೂ ಅನ್ನಲಿ. ಅವನು ಅಂಗಳದಲ್ಲಿ ಬಟ್ಟೆಯ ರಾಶಿ ಹಿಡಿದು ನಿಂತಿದ್ದ ಹೆಂಡತಿಯ ಕಡೆ ತಿರುಗಿದ.

"ಕಿಟಕಿಗೆ ಬರ್ತಿದ್ದದ್ದು ಬಟ್ಟೆಗಾ?"

"ಮತ್ತೆ? ಮಸಿ ಮೆತ್ತಿದ ಅಂಗಿ ಹಾಕ್ಕೊಂಡು ಹೋಗ್ತಿದ್ರಾ ನೀವು?"

ಅವನು ಒಳಗೆ ಹೋಗಿ ಕುರ್ಚಿಯಲ್ಲಿ ಕುಸಿದ. ಒಂದು ಕೈಯಲ್ಲಿ ಬಟ್ಟೆಯ ರಾಶಿಯನ್ನು ಅವುಚಿಕೊಂಡೇ ಅಡುಗೆಮನೆಯಿಂದ ಅವಳು ತಟ್ಟೆ ತಂದಿಟ್ಟಳು. ಅವನು ಮುಟ್ಟಿ ನೋಡಿದ. ತಣ್ಣಗಿತ್ತು. ಅಲ್ಲಿಗೆ ಅವನ ಕಟ್ಟೆ ಒಡೆಯಿತು.

"ನೋಡು, ಇದೇ! ಇಪ್ಪತ್ತಾರು ವರ್ಷ ನೀನು ನನಗೆ ಕಾಯ್ತಿದ್ದೀಯ ಅಂದ್ಕೊಂಡಿದ್ದೆ. ನಾನೊಬ್ಬ ಮುಠ್ಠಾಳ. ಹೊಗೆ ನಿಂತ ದಿನದಿಂದ ಒಂದು ತುತ್ತು ಬಿಸಿ ಊಟ ಕಂಡಿಲ್ಲ ಈ ಮನೇಲಿ. ನಾನು ಬಂದ್ರೆಷ್ಟು, ಬಿಟ್ರೆಷ್ಟು ಅಲ್ವಾ? ಸೋಮವಾರ ಗಾಡಿ ಬಂದ ಕೂಡಲೇ ನಿನ್ನ ತಮ್ಮನ ಕೈಲಿ ಆ ಡಬ್ಬಿ ಕಿತ್ತುಹಾಕಿಸ್ತೀನಿ. ಮತ್ತೆ ಹೊಗೆ ಬಿಡ್ತೀನಿ. ಬಟ್ಟೆಗಾದ್ರೂ ಓಡಿ ಬಾ!"

ಹೆಂಡತಿ ಬಟ್ಟೆಯ ರಾಶಿಯನ್ನು ನೆಲಕ್ಕೆ ಬಿಸಾಡಿದಳು. ಸಿಟ್ಟಿಗೆ ಅವಳ ಮೂಗು ಕೆಂಪಾಗಿತ್ತು.

"ಯಾಕ್ರೀ ತಣ್ಣಗಿರುತ್ತೆ ಊಟ? ಯಾವತ್ತಾದ್ರೂ ಕೇಳಿದ್ರಾ? ಮುಂಚೆ ಹೊಗೆ ಕಾಣ್ತಿತ್ತು. ಬಟ್ಟೆ ಒಳಗಿಟ್ಟು ಒಲೆ ಹಚ್ಚಿದ್ರೆ ನೀವು ಬರೋ ಹೊತ್ತಿಗೆ ಸರಿಹೋಗ್ತಿತ್ತು. ಈಗ ಯಾವಾಗ ಬರ್ತೀರಿ ಅಂತ ನನಗೇನು ಕನಸು ಬೀಳುತ್ತಾ? ಆರಕ್ಕೇ ಬಂದುಬಿಟ್ರೆ, ಹಸಿದಿದ್ರೆ ಅಂತ ಐದೂವರೆಗೇ ಅಡುಗೆ ಮುಗಿಸಿ ಬಾಗಿಲಲ್ಲಿ ಕೂರ್ತೀನಿ. ಆರಾಗುತ್ತೆ, ಏಳಾಗುತ್ತೆ. ಎಲ್ಲಿ ಕೆಟ್ಟು ನಿಂತಿದೆಯೋ, ಎಲ್ಲಿ ಉರುಳಿಬಿತ್ತೋ ಅಂತ ಜೀವ ಕೈಯಲ್ಲಿ ಹಿಡ್ಕೊಂಡು ಕೂರ್ತೀನಿ. ಊಟ ಆರದೆ ಇನ್ನೇನಾಗುತ್ತೆ? ಬಂದ್ರೆ ನೀವು ಗಡಿಗೆ ಮುಖ. ಒಂದು ಫೋನ್ ಮಾಡೋಕೆ ಏನ್ರೀ ನಿಮಗೆ ರೋಗ?"

ಹೊಗೆಯಣ್ಣ ತಟ್ಟೆಯ ಕಡೆ ನೋಡಿದ. ಸೊಸೆ ಏಳೂಕಾಲಿಗೆ ಮನೆ ಸೇರುತ್ತಿದ್ದದ್ದು ಯಾಕೆ ಎಂದು ಅವನಿಗೆ ಆಗ ನೆನಪಾಯಿತು. ನಲವತ್ತೊಂದು ಸಲ. ಊಟಕ್ಕೆ ಬೇಗ ಹೋಗಬೇಕೆಂದು ಇಂಜಿನ್ ಆರಿಸಿ ಆರಿಸಿ ಅವನೇ ಲಾರಿಯನ್ನು ಕೆಡಿಸಿದ್ದ, ಅವನೇ ತಡವಾಗಿ ಬಂದಿದ್ದ, ಅವನೇ ತಣ್ಣಗಿನ ಊಟಕ್ಕೆ ಮುಖ ಊದಿಸಿದ್ದ. ಅವನು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಒಂದಗುಳೂ ಬಿಡದೆ ತಿಂದ. ಕೈ ತೊಳೆಯುವಾಗ, "ಚೆನ್ನಾಗಿತ್ತು" ಎಂದ. ಹಾಗೆ ಹೇಳಿದ್ದು ಎಷ್ಟು ವರ್ಷದ ಮೇಲೆ ಎಂದು ಲೆಕ್ಕ ಹಾಕುವುದು ಬೇಡ.

ಭಾನುವಾರ ಬಾಮೈದ ಗ್ಯಾಸ್ ಕಟರ್ ಹೊತ್ತುಕೊಂಡು ಶಿಳ್ಳೆ ಹೊಡೆಯುತ್ತಾ ಬಂದ. ಅಂಗಳದಲ್ಲಿ ಅವನ ಭಾವ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಡಾಕ್ಟರ ಕೋಟಿನ ಕಾಲರನ್ನು ತಿಕ್ಕುತ್ತಿದ್ದ. ಪಕ್ಕದಲ್ಲಿ ಇಸ್ತ್ರಿಯಾಕೆ ಸೊಂಟದ ಮೇಲೆ ಕೈಯಿಟ್ಟು ನಿಂತು, "ತೋಳಲ್ಲಿ ಇನ್ನೂ ಇದೆ" ಎಂದು ತೋರಿಸುತ್ತಿದ್ದಳು.

"ಕಟರ್ ಆ ಕಡೆ ಇಡು. ಕೂತ್ಕೋ. ಹದಿನಾಲ್ಕು ನಿನಗೆ" ಎಂದ ಹೊಗೆಯಣ್ಣ.

"ನಾನೇನ್ರೀ ಮಾಡಿದ್ದೆ?"

"ಮಾಡ್ತೀನಿ ಅಂತ ಒಪ್ಕೊಂಡಿದ್ಯಲ್ಲ" ಎಂದು ಅಕ್ಕ ಒಳಗಿನಿಂದಲೇ ಹೇಳಿದಳು. ಬಾಮೈದ ಮರುಮಾತಿಲ್ಲದೆ ತೋಳು ಮಡಚಿದ. ಒಂದು ಕಾಲರಿಗೆ ಅರ್ಧ ಸೋಪು ಹೋಯಿತು. ಮೂರನೇ ಕೋಟಿನ ಹೊತ್ತಿಗೆ ಹೊಗೆಯಣ್ಣ ಕಪ್ಪಾದ ನೀರನ್ನು ನೋಡುತ್ತಾ, "ಇಷ್ಟೂ ಆ ಡಬ್ಬೀಲಿ ನಿಲ್ಲುತ್ತೇನೋ?" ಎಂದು ಕೇಳಿದ.

"ನಿಲ್ಲುತ್ತೆ ಭಾವ. ಅದನ್ನೇ ಅಲ್ವಾ ನಾನು ಅವತ್ತು ಬಡ್ಕೊಂಡಿದ್ದು?"

ಸೋಮವಾರ ಸರ್ವಿಸ್ ಸೆಂಟರಿನಿಂದ ಸೊಸೆ ಬಂತು. ತುಂಬಿದ ಜಲ್ಲಿಯೊಂದಿಗೆ ಎರಡನೇ ತಿರುವನ್ನು ಅಜ್ಜಿ ಹತ್ತುತ್ತಿದ್ದುದಕ್ಕಿಂತ ಒಂದು ಗೇರ್ ಮೇಲೆಯೇ ಹತ್ತಿತು. ಹೊಗೆಯಣ್ಣ ಅದನ್ನು ಗಮನಿಸದವನಂತೆ ನಟಿಸಿದ. ಕ್ಯಾಬಿನ್ನಿನಲ್ಲಿ ಅವನನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ, ಆದರೂ ನಟಿಸಿದ. ಹಾಗೇ ಮೂರು ದಿನ ಕಳೆಯಿತು.

ಗುರುವಾರ ಸಂಜೆ, ಖಾಲಿ ಲಾರಿಯಲ್ಲಿ ಬೆಟ್ಟ ಹತ್ತುವಾಗ ಆ ದೀಪ ಹತ್ತಿತು. ಕೈ ಅಭ್ಯಾಸಬಲದಿಂದ ಕೀಲಿಗೆ ಹೋಯಿತು. ಹೋದ ಕೈಯನ್ನು ಅವನು ಇನ್ನೊಂದು ಕೈಯಿಂದ ಹಿಡಿದು ತೆಗೆದ. ಮೂರನೇ ತಿರುವಿನ ಅಗಲ ಜಾಗದಲ್ಲಿ, ಕೊಳವೆಯ ಬಿಸಿಗೆ ಬೆಂಕಿ ಹತ್ತದಂತೆ ಒಣಹುಲ್ಲಿಲ್ಲದ ಕಡೆ ನೋಡಿ ನಿಲ್ಲಿಸಿ, ತೊಳೆದುಕೊಳ್ಳುವ ಗುಂಡಿ ಒತ್ತಿದ. ಇಂಜಿನ್ ತಾನೇ ದನಿ ಏರಿಸಿತು. ನಲವತ್ತು ನಿಮಿಷ. ಫ್ಲಾಸ್ಕಿನ ಚಹಾ ಕುಡಿದ. ಮೂವತ್ತೆಂಟು ನಿಮಿಷ ಉಳಿಯಿತು.

ಕೆಳಗೆ ಕಿಟಕಿ ಖಾಲಿ. ಅವನು ಫೋನ್ ತೆಗೆದ, ಒಳಗಿಟ್ಟ, ಮತ್ತೆ ತೆಗೆದ. ಕಿವಿ ಕೆಂಪಾಯಿತು. ಆಗಲಿ ಎಂದು ಒತ್ತಿದ.

"ಏನಾಯ್ತು? ಎಲ್ಲಿ ಬಿದ್ರಿ?" ಎಂದು ಹೆಂಡತಿ ಕೂಗಿದಳು.

"ಏನೂ ಆಗಿಲ್ಲ ಮಾರಾಯ್ತಿ. ಸುಮ್ನೆ ಮಾಡ್ದೆ." ಅವನು ಕೆಮ್ಮಿ, ಗಂಟಲು ಸರಿಮಾಡಿಕೊಂಡ. "ಬರ್ತಿದ್ದೀನಿ ಕಣೇ. ಇದು ಮುಖ ತೊಳ್ಕೊಳ್ತಾ ಇದೆ, ಮೂವತ್ತೆಂಟು ನಿಮಿಷ. ಆಮೇಲೆ ಇಪ್ಪತ್ತು. ಈಗಲೇ ಒಲೆ ಹಚ್ಚಬೇಡ."

ಆ ಕಡೆ ಒಲೆಯ ಮೇಲಿಂದ ಪಾತ್ರೆ ಇಳಿಸಿದ ಸದ್ದು.

"ಎಲ್ಲಿದ್ದೀರಿ ಈಗ?" ಎಂದಳು.

"ಮೂರನೇ ತಿರುವಲ್ಲಿ."

"ಏನೂ ಕಾಣ್ತಿಲ್ಲವಲ್ಲ."

"ಹೊಗೆ ಇಲ್ವಲ್ಲ, ಹೇಗೆ ಕಾಣುತ್ತೆ? ಅಂಗಳಕ್ಕೆ ಬಾ, ಕೈ ಎತ್ತುತ್ತೀನಿ."

ಅವನು ಬಾಗಿಲು ತೆರೆದು ಮೆಟ್ಟಿಲ ಮೇಲೆ ನಿಂತು ಕೈ ಎತ್ತಿದ. ಅವಳು ಫೋನನ್ನು ಕಿವಿಗೆ ಒತ್ತಿಕೊಂಡೇ ಅಂಗಳಕ್ಕೆ ಬಂದು, ಹುಬ್ಬಿಗೆ ಕೈ ಅಡ್ಡ ಹಿಡಿದು ಬೆಟ್ಟದ ಕಡೆ ನೋಡಿದಳು. ತಂತಿಯ ತುಂಬ ಬಟ್ಟೆಯಿತ್ತು. ಅವಳು ಒಂದನ್ನೂ ಮುಟ್ಟಲಿಲ್ಲ.